ಕರಡಿಯ ಎರಡೂ ಮನೆ ಸೋರಿದ್ದು

ಬನಹಟ್ಟಿ
18 ಜೂನ್ 2024

ಬೀಗರಾದ ಧರೆಪ್ಪನವರಿಗೆ ನಮಸ್ಕಾರ.

ಕೈಯಲ್ಲಿ ಫೋನ್ ಇದ್ದೂ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಳೆದ ವಾರ ನಾವಿಬ್ಬರೂ ಫೋನಿನಲ್ಲಿ ಜಗಳವಾಡುವಾಗ ನನ್ನ ಕಡೆ ಸ್ಪೀಕರ್ ಚಾಲೂ ಇತ್ತು. ನಿಮ್ಮ ಮಗ ಸಿದ್ದಾರ್ಥನ ಬಗ್ಗೆ ನಾನು ಆಡಿದ್ದನ್ನೂ ನನ್ನ ಮಗಳು ಸರಿತಾಳ ಬಗ್ಗೆ ನೀವು ಆಡಿದ್ದನ್ನೂ ಮೊಮ್ಮಗಳು ಕಾವೇರಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಪೂರ್ತಿ ಕೇಳಿದ್ದಾಳೆ. ಮರುದಿನ ಒಂದನೇ ತರಗತಿಯಲ್ಲಿ "ಹೊಸ ಶಬ್ದ ಯಾರಿಗೆ ಗೊತ್ತು?" ಎಂದು ಕೇಳಿದಾಗ ನಿಮ್ಮದೊಂದು ಬೈಗುಳವನ್ನು ಸ್ಪಷ್ಟ ಉಚ್ಚಾರದಲ್ಲಿ ಹೇಳಿದ್ದಾಳೆ.

ಅವಳ ಟೀಚರ್ ಮಂಗಲಾ ನನ್ನನ್ನು ಶಾಲೆಗೆ ಕರೆಸಿ ಹೇಳಿದರು: "ಅಜ್ಜಾರ, ಇನ್ನ ಮ್ಯಾಲೆ ಬೀಗರ ಜೋಡಿ ಏನ ಮಾತಾಡೂದಿದ್ರೂ ಬರದು ಕಳಸ್ರಿ. ಬರದದ್ದನ್ನ ಒಂದ ಸಲ ಜೋರಾಗಿ ಓದ್ರಿ. ನಾಚಿಕಿ ಬರಲಿಲ್ಲ ಅಂದ್ರ ಅಷ್ಟ ಕಳಸ್ರಿ."

ಈ ಕಾಗದವನ್ನು ಜೋರಾಗಿ ಓದಿದ್ದೇನೆ. ಎರಡು ಸಾಲು ಹೊಡೆದುಹಾಕಿದ್ದೇನೆ.

ಈಗ ವಿಷಯ. ಸರಿತಾ ಮತ್ತು ಸಿದ್ದಾರ್ಥ ಬೇರೆಯಾಗಿ ಒಂದು ವರ್ಷವಾಯಿತು. ಇವಳು ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುತ್ತ ನಮ್ಮೊಂದಿಗೆ ಇದ್ದಾಳೆ. ಅವನು ಬಾಡಗಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತ ಬೀಳಗಿಯಲ್ಲಿ ಬಾಡಿಗೆಗೆ ಇದ್ದಾನೆ. ಶನಿವಾರ ಮಗುವನ್ನು ಸಾವಳಗಿಗೆ, ನಿಮ್ಮಲ್ಲಿಗೆ ಕರೆತಂದು ಭಾನುವಾರ ಸಂಜೆ ಇಲ್ಲಿಗೆ ತಂದು ಬಿಡುತ್ತಾನೆ. ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇಷ್ಟು: ಸಾವಳಗಿಯಿಂದ ಬಂದ ಮೇಲೆ ಕಾವೇರಿ ಸರಿಯಾಗಿ ಉಣ್ಣುವುದಿಲ್ಲ. "ನಾ ಹಟಾ ಮಾಡಿದ್ದಕ್ಕ ಪಪ್ಪ ಬಿಟ್ಟ ಹೋದ" ಎನ್ನುತ್ತಾಳೆ. ಹೀಗೇ ಆದರೆ ಶನಿವಾರ ಕಳಿಸುವುದನ್ನು ನಿಲ್ಲಿಸುತ್ತೇನೆ ಎಂದು ಸರಿತಾ ಹೇಳಿದ್ದಾಳೆ.

ಮಂಗಲಾ ಟೀಚರ್ ಮುಧೋಳದ ಪುಸ್ತಕ ಪ್ರದರ್ಶನದಿಂದ ಒಂದು ಚಿತ್ರದ ಪುಸ್ತಕ ತಂದಿದ್ದಾರೆ. ಎರಡು ಪ್ರತಿ. ಅದರಲ್ಲಿ ಅಪ್ಪ ಕರಡಿ ಮತ್ತು ಅಮ್ಮ ಕರಡಿ ಬೇರೆ ಬೇರೆ ಮನೆ ಮಾಡುತ್ತಾರೆ. ಮರಿ ಎರಡೂ ಮನೆಗೆ ಓಡಾಡುತ್ತದೆ. ಇದು ಮರಿಯಿಂದ ಆದದ್ದಲ್ಲ, ಇಬ್ಬರೂ ಮತ್ತೆ ಕೂಡುವುದಿಲ್ಲ, ಇಬ್ಬರಿಗೂ ಮರಿ ಬೇಕು, ಇಷ್ಟು ವಿಷಯ. ಕಾವೇರಿಗೆ ಇನ್ನೂ ಓದಲು ಬರುವುದಿಲ್ಲವಾದ್ದರಿಂದ ನಾವೇ ಓದಿ ಹೇಳಬೇಕು. ಎರಡೂ ಮನೆಯಲ್ಲಿ ಒಂದೇ ಮಾತು ಕೇಳಿದರೆ ಮಗುವಿಗೆ ಭಯ ಹೋಗುತ್ತದಂತೆ. ನಿಮ್ಮ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮ ಹಳೆಯ ಶಿಷ್ಯ, ಕಂಡಕ್ಟರ್ ಮುತ್ತಣ್ಣನ ಬಸ್ಸಿನಲ್ಲಿ ಬರುತ್ತದೆ.

ಇದ್ದದ್ದನ್ನು ಇದ್ದ ಹಾಗೆ ಓದಿ.

ಗಿರಮಲ್ಲಪ್ಪ

*

ಸಾವಳಗಿ
24 ಜೂನ್ 2024

ಬೀಗರೇ,

ಕಾಗದ, ಪುಸ್ತಕ ಎರಡೂ ಮುಟ್ಟಿದವು. ನೀವು ಹೊಡೆದುಹಾಕಿದ ಎರಡು ಸಾಲುಗಳನ್ನು ಬಿಸಿಲಿಗೆ ಹಿಡಿದರೆ ಓದಲು ಬರುತ್ತದೆ. ಓದಿದೆ.

ನಿನ್ನೆ ಅಂಗಳದಲ್ಲಿ ಕಾವೇರಿಯನ್ನು ಕೂರಿಸಿಕೊಂಡು ಪುಸ್ತಕ ತೆರೆದೆ. ನನ್ನ ಹೆಂಡತಿ ಮಾಯವ್ವ ಸಜ್ಜೆ ಹಸನು ಮಾಡುತ್ತ ಪಕ್ಕದಲ್ಲಿದ್ದಳು. ಈ ಪುಸ್ತಕ ಬರೆದವರು ನಮ್ಮ ಕಡೆಯವರಲ್ಲ. ಕರಡಿಗಳು ಬಿಳಿ ತೊಟ್ಟಿಯಲ್ಲಿ ಮಲಗಿ ಸ್ನಾನ ಮಾಡುತ್ತವೆ. ಅಪ್ಪ ಕರಡಿ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಒಲೆ ಮುಂದೆ ನಿಂತ ಚಿತ್ರ ಬಂದಾಗ ಮಾಯವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಅಯ್ಯ ಶಿವನ! ಗಂಡಸಾಗಿ ಅಡಗಿ ಮಾಡ್ಕೊಂಡು ನಿಂತೈತಲ್ರೀ ಈ ಕರಡಿ! ನೋಡೂವಂಗಿಲ್ಲ" ಎಂದಳು.

ಕಾವೇರಿ ತಲೆ ಎತ್ತದೆ, "ಆಯಿ, ಪಪ್ಪನೂ ಬೀಳಗ್ಯಾಗ ತಾನ ಮಾಡ್ಕೋತಾನ. ಉಪ್ಪಿಟ್ಟ ಛಲೋ ಮಾಡ್ತಾನ. ಅನ್ನ ಮಾತ್ರ ತಳಾ ಹಿಡಸ್ತಾನ" ಎಂದಳು.

ಮಾಯವ್ವ ಎದ್ದು ಒಳಗೆ ಹೋದಳು.

ನಾನು ಮುಂದುವರಿಸಿದೆ. ಕಂಡಕ್ಟರ್ ಆಗಿ ನಿಲ್ದಾಣಗಳ ಹೆಸರು ಕೂಗಿದ ಗಂಟಲು ನನ್ನದು, ಓದುವುದರಲ್ಲಿ ಕೊರತೆಯಿಲ್ಲ. ಆದರೆ ಕಡೆಯ ಪುಟಕ್ಕೆ ಬಂದಾಗ ಮಗು ಚಿತ್ರ ಬಿಟ್ಟು ನನ್ನ ಮುಖ ನೋಡುತ್ತಿತ್ತು. ಹಾಗಾಗಿ ಅಲ್ಲಿ ಒಂದು ಸಣ್ಣ ಮಳೆ ಸುರಿಸಿದೆ. ಅಮ್ಮ ಕರಡಿಯ ಮನೆ ಸೋರಿತು, ಎಲ್ಲರೂ ಅಪ್ಪ ಕರಡಿಯ ಮನೆಗೆ ಬಂದು ಒಟ್ಟಿಗೆ ಉಂಡು ಮಲಗಿದರು ಎಂದೆ. ಕೂಸು ಚಪ್ಪಾಳೆ ತಟ್ಟಿತು. "ಮತ್ತೊಮ್ಮಿ ಹೇಳಜ್ಜಾ" ಎಂದಿತು. ಎರಡು ರೊಟ್ಟಿ ಉಂಡಿತು. ಉಣ್ಣುವುದಿಲ್ಲ ಎಂಬುದೇ ತಾನೆ ನಿಮ್ಮ ತಕರಾರು?

ಮಗುವಿಗೆ ಸಂತೋಷ ಕೊಟ್ಟ,
ಧರೆಪ್ಪ

*

ಬನಹಟ್ಟಿ
2 ಜುಲೈ 2024

ಧರೆಪ್ಪನವರೇ,

ನೀವು ಸುರಿಸಿದ ಮಳೆಯ ವರದಿ ಓದಿ ದಿಗ್ಭ್ರಮೆಯಾಯಿತು. ಅಚ್ಚಾದ ಪುಸ್ತಕಕ್ಕೆ ಒಂದು ಗೌರವವಿದೆ. ನಾನು ದಿನಾ ಪತ್ರಿಕೆಯನ್ನು ತಲೆಬರಹದಿಂದ ಜಾಹೀರಾತಿನವರೆಗೆ ಓದುವವನು, ಒಂದು ಅಕ್ಷರವನ್ನೂ ನನ್ನದಾಗಿ ಸೇರಿಸಿದವನಲ್ಲ. ಮತ್ತು ಸೋರಲು ನಿಮಗೆ ಅಮ್ಮ ಕರಡಿಯ ಮನೆಯೇ ಏಕೆ ಬೇಕಿತ್ತು? ಸರಿತಾ ಇರುವ ಈ ಮನೆಗೆ ಸ್ಲ್ಯಾಬ್ ಹಾಕಿಸುವಾಗ ನೀವೇ ಬಂದು ನಿಂತು ನೋಡಿದ್ದೀರಿ. ಸಿಮೆಂಟ್ ಯಾವುದು, ಕಬ್ಬಿಣ ಎಷ್ಟು, ಎಲ್ಲ ನಿಮಗೆ ಗೊತ್ತು.

ಸರಿತಾಳಿಗೆ ನಾನು ಹೇಳಿಲ್ಲ. ಹೇಳಿದರೆ ಶನಿವಾರ ನಿಲ್ಲುತ್ತದೆ. ಇನ್ನು ಮುಂದೆ ಒಂದು ಹನಿಯೂ ಬೀಳಬಾರದು.

ಗಿರಮಲ್ಲಪ್ಪ

*

ಸಾವಳಗಿ
15 ಜುಲೈ 2024

ಸತ್ಯವಂತರಾದ ಬೀಗರಿಗೆ,

ನಿನ್ನೆ ಕಾವೇರಿ ನನ್ನ ತೊಡೆಯ ಮೇಲೆ ಕುಳಿತು ಒಂದು ಪ್ರಶ್ನೆ ಕೇಳಿದಳು. ಅದನ್ನು ನೀವು ಹೇಳಿದಂತೆ ಒಂದು ಅಕ್ಷರವನ್ನೂ ಸೇರಿಸದೆ ಬರೆಯುತ್ತೇನೆ:

"ಅಜ್ಜಾ, ನೀ ಓದಿದಾಗ ಮಮ್ಮಿ ಕರಡಿ ಮನಿ ಸೋರತೈತಿ. ಬನಹಟ್ಟಿ ಅಜ್ಜ ಓದಿದಾಗ ಗಾಳಿ ಬಿಟ್ಟು ಪಪ್ಪ ಕರಡಿ ಮನಿ ಹಾರಿ ಹೋಗತೈತಿ. ಖರೆ ಯಾವ್ದು?"

ನನ್ನ ಮಳೆಯಲ್ಲಿ ಬರೀ ಮನೆ ಸೋರಿತ್ತು, ಬೀಗರೇ. ನೀವು ಮನೆಯನ್ನೇ ಹಾರಿಸಿದ್ದೀರಿ. ಆಮೇಲೆ ಮಳೆಯನ್ನೂ ಸುರಿಸಿದ್ದೀರಂತೆ. ಅಪ್ಪ ಕರಡಿ ಒದ್ದೆಯಾಗಿ ಅಮ್ಮ ಕರಡಿಯ ಬಾಗಿಲಿಗೆ ಬಂದು "ತಪ್ಪಾತು" ಎಂದು ಕೈ ಮುಗಿಯುತ್ತದಂತೆ. ಇದು ಯಾವ ಪುಟದಲ್ಲಿದೆ? ನನ್ನ ಪ್ರತಿಯಲ್ಲಿ ಇಲ್ಲ.

ಕಾವೇರಿಗೆ ಏನು ಹೇಳಬೇಕೆಂದು ತಿಳಿಯದೆ ಎರಡೂ ಖರೆ ಎಂದೆ. ಅವಳು ಯೋಚಿಸಿ, "ಹಂಗಾರ ದೊಡ್ಡ ಮಳಿ ಬಂದ್ರ ಎಲ್ಲಾರೂ ಒಂದ ಮನ್ಯಾಗ ಕೂಡ್ತಾರ, ಹೌದಿಲ್ಲೋ?" ಎಂದಳು. ನಾನು ಹೂಂ ಅಂದೆ. ಅನ್ನಬಾರದಿತ್ತೇನೋ. ಆದರೆ ಅಷ್ಟು ಹತ್ತಿರದಿಂದ ನೋಡುತ್ತಿದ್ದಳು.

ನೀವು ನನ್ನ ಬಗ್ಗೆ ಸರಿತಾಳಿಗೆ ಹೇಳಬೇಡಿ, ನಾನು ನಿಮ್ಮ ಬಗ್ಗೆ ಸಿದ್ದಾರ್ಥನಿಗೆ ಹೇಳುವುದಿಲ್ಲ.

ಧರೆಪ್ಪ

*

ಬನಹಟ್ಟಿ
25 ಸೆಪ್ಟೆಂಬರ್ 2024

ಮಾವನವರಿಗೆ ಸರಿತಾಳ ನಮಸ್ಕಾರಗಳು.

ನೀವೂ ಅಪ್ಪನೂ ಕಾಗದ ಬರೆದುಕೊಳ್ಳುತ್ತೀರೆಂದು ಗೊತ್ತಿತ್ತು. ಜಗಳ ಕಡಿಮೆಯಾಯಿತಲ್ಲ ಎಂದು ಸುಮ್ಮನಿದ್ದೆ. ಈಗ ನಾನೂ ಬರೆಯಬೇಕಾಗಿದೆ.

ಸೋಮವಾರ ಸಂಜೆ ಇಲ್ಲಿ ದೊಡ್ಡ ಮಳೆಯಾಯಿತು. ನಾನು ಆಸ್ಪತ್ರೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಗದ್ದಲ. ಅಪ್ಪ ಸ್ಟೂಲಿನ ಮೇಲೆ ನಿಂತು ಟಿ.ವಿ.ಯ ಮೇಲೆ ಬಕೆಟ್ ಹಿಡಿದಿದ್ದ. ಸೂರಿನ ಒಂದು ಬಿರುಕಿನಿಂದ ನೀರು ಟಿ.ವಿ.ಯ ಮೇಲೆ ಸುರಿಯುತ್ತಿತ್ತು. ಅವ್ವ ಕೆಳಗೆ ನಿಂತು, "ಇದ ಸ್ಲ್ಯಾಬಿನ ಸಲುವಾಗಿ ಊರ ತುಂಬಾ ಹೇಳ್ಕೋತ ಅಡ್ಡಾಡಿದ್ರಿ, ಇಳೀರಿನ್ನ" ಎನ್ನುತ್ತಿದ್ದಳು.

ಕಾವೇರಿ ಮಾತ್ರ ಹೆದರಿರಲಿಲ್ಲ. ರೇನ್‌ಕೋಟು ಹಾಕಿಕೊಂಡು, ಶಾಲೆಯ ಚೀಲದಲ್ಲಿ ತನ್ನ ಫ್ರಾಕು, ನನ್ನದೊಂದು ಸೀರೆ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಮಮ್ಮಿ, ಮನಿ ಸೋರಾಕತ್ತೈತಿ. ನಡಿ, ಪಪ್ಪನ ಮನಿಗಿ ಹೋಗೂನು" ಎಂದಳು.

ಮಾಳಿಗೆ ಹತ್ತಿ ನೋಡಿದೆ. ನೀರು ಹೋಗುವ ಪೈಪಿನಲ್ಲಿ ಅಪ್ಪನ ಬನಿಯನ್, ಕಾವೇರಿಯ ಸಾಕ್ಸುಗಳು ಗಟ್ಟಿಯಾಗಿ ತುರುಕಿಕೊಂಡಿದ್ದವು. ಮಾಳಿಗೆಯ ತುಂಬ ನೀರು ನಿಂತಿತ್ತು. ಕೇಳಿದರೆ ಮುಚ್ಚಿಡಲಿಲ್ಲ. "ಪಪ್ಪನ ಮನಿ ಸೋರಸಿದ್ರೂ ನಡೀತಿತ್ತು. ಆದ್ರ ಬೀಳಗಿ ದೂರ ಐತೆಲ್ಲ" ಎಂದಳು. ದೊಡ್ಡ ಮಳೆಗಾಗಿ ಬಹಳ ದಿನದಿಂದ ಕಾಯುತ್ತಿದ್ದಳಂತೆ.

ನಾನು ಬಟ್ಟೆ ಎಳೆದು ನೀರು ಬಿಟ್ಟಾಗ ಅವಳು ಅತ್ತ ಅಳು ನಿಮಗೆ ಕೇಳಿಸಬೇಕಿತ್ತು.

ಪುಸ್ತಕ ತೆಗೆದು ಮೊದಲ ಪುಟದಿಂದ ನೋಡಿದೆ. ಅದರಲ್ಲಿ ಎಲ್ಲಿಯೂ ಮಳೆಯಿಲ್ಲ.

ಅಪ್ಪನನ್ನು ಕೇಳಿದೆ. ಎಲ್ಲ ಹೇಳಿದ, ನಿಮ್ಮದನ್ನು ಮೊದಲು, ತನ್ನದನ್ನು ಕಡೆಗೆ. ಸಿದ್ದಾರ್ಥನಿಗೆ ಫೋನ್ ಮಾಡಿದೆ. ನಾವಿಬ್ಬರೂ ಬಹಳ ಹೊತ್ತು ಮಾತನಾಡಿದೆವು, ಜಗಳವಿಲ್ಲದೆ. ಇಬ್ಬರೂ ಒಪ್ಪಿದ ಮಾತು ಇದು: ಸದ್ಯಕ್ಕೆ ಶನಿವಾರ ಕಾವೇರಿ ಸಾವಳಗಿಗೆ ಬರುವುದಿಲ್ಲ. ಸಿದ್ದಾರ್ಥ ಇಲ್ಲಿಗೇ ಬಂದು ಅವಳನ್ನು ನೋಡಿ ಹೋಗುತ್ತಾನೆ. ಮಳೆ ತಂದವರು ನೀವಿಬ್ಬರು. ಅದು ಸುಳ್ಳು ಮಳೆ ಎಂದು ನೀವಿಬ್ಬರೇ ಅವಳಿಗೆ ಹೇಳಬೇಕು. ನಾವು ಹೇಳಿದರೆ ನಂಬುತ್ತಿಲ್ಲ.

ನಿಮಗೆ ಮಗುವಿನ ಮೇಲೆ ಎಷ್ಟು ಜೀವ ಎಂದು ನನಗೆ ಗೊತ್ತು. ಆದರೆ ಆ ಮಳೆ ಅವಳಿಗಾಗಿ ಬಂತೋ ನಿಮ್ಮಿಬ್ಬರಿಗಾಗಿ ಬಂತೋ, ಅದು ಮಾತ್ರ ತಿಳಿಯಲಿಲ್ಲ.

ಅತ್ತೆಯವರ ಮಂಡಿನೋವಿನ ರಕ್ತಪರೀಕ್ಷೆ ಬಾಕಿ ಇದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಕರೆದುಕೊಂಡು ಬನ್ನಿ.

ಸರಿತಾ

*

ಸಾವಳಗಿ
28 ಸೆಪ್ಟೆಂಬರ್ 2024

ಸರಿತಾ,

ಉತ್ತರ ಬರೆಯಲು ಕುಳಿತು ಹಾಳೆಗಳನ್ನು ಹರಿಯುತ್ತಿದ್ದೇನೆ. ಇಂದು ಶನಿವಾರ. ಮಾಯವ್ವ ಮರೆತು ಮಗುವಿಗೆ ಇಷ್ಟದ ಸಿಹಿಯೆಂದು ಮಾದಲಿ ಮಾಡಿದಳು. ನಾವಿಬ್ಬರೇ ತಿಂದೆವು.

ನೀನು ಹೇಳಿದಂತೆ ಆಗಲಿ.

ಧರೆಪ್ಪ

*

ಬನಹಟ್ಟಿ
8 ಅಕ್ಟೋಬರ್ 2024

ಬೀಗರೇ,

ಟಿ.ವಿ. ಹೋಯಿತು. ಮನೆಯಲ್ಲಿ ನನ್ನ ಮಾನವೂ ಅದರ ಜೊತೆ ಹೋಯಿತು. ಬೈಗುಳ ತಿನ್ನುವುದರಲ್ಲಿ ನೀವು ದೂರವಿದ್ದು ಬದುಕಿಕೊಂಡಿರಿ.

ಮಂಗಲಾ ಟೀಚರ್ ಹೇಳುವ ಪ್ರಕಾರ ಕರಡಿಯ ಪುಸ್ತಕ ಇನ್ನು ಕೆಲಸಕ್ಕೆ ಬಾರದು. ಕಾವೇರಿ ಅದನ್ನು ಮುಟ್ಟುತ್ತಿಲ್ಲ. "ಅದರಾಗ ಓದಾವ್ರು ಬ್ಯಾರೆ ಆದ್ರ ಕಥಿ ಬ್ಯಾರೆ ಆಗತೈತಿ" ಎನ್ನುತ್ತಾಳೆ. ಟೀಚರ್ ಸಲಹೆ: "ನೀವಿಬ್ಬರೂ ಕೂಡಿ ಹೊಸಾ ಪುಸ್ತಕ ಮಾಡ್ರಿ. ಒಬ್ಬರು ಚಿತ್ರ, ಒಬ್ಬರು ಮಾತು. ಎರಡು ಜೆರಾಕ್ಸ್ ತಗಸ್ರಿ. ಇಬ್ಬರೂ ಕೈಯಾರೆ ಮಾಡಿದ್ದು ಅಂದ್ರ ಆಕಿ ನಂಬ್ತಾಳ." ಆಮೇಲೆ ಶಾಲೆಯಲ್ಲಿ, ಅವರ ಎದುರಿನಲ್ಲೇ, ನಾವಿಬ್ಬರೂ ಓದಿ ಹೇಳಬೇಕು. ಸರಿತಾ ಒಪ್ಪಿದ್ದಾಳೆ. ಅದು ಸರಿಹೋದರೆ ಶನಿವಾರದ ವಿಚಾರ ಮಾಡುತ್ತಾಳಂತೆ.

ನಾನು ಸೀರೆಯ ಅಂಚಿನ ಡಿಸೈನ್ ಬರೆದೇ ಹೊಟ್ಟೆ ಹೊರೆದವನು. ಗ್ರಾಫ್ ಹಾಳೆಯ ಮೇಲೆ ಚೌಕ ತುಂಬಿ ಏನು ಬೇಕಾದರೂ ಬರೆಯಬಲ್ಲೆ. ನೀವು ಕುರಿ ಸಾಕುವ ಮನೆತನದವರೆಂದು ಕುರಿ ಸಂಸಾರವನ್ನೇ ಬರೆದಿದ್ದೇನೆ. ಟಗರು ಅಪ್ಪ, ಕುರಿ ಅಮ್ಮ, ಒಂದು ಮರಿ. ಮಾದರಿ ಲಗತ್ತಿಸಿದೆ.

ಗಿರಮಲ್ಲಪ್ಪ

*

ಸಾವಳಗಿ
13 ಅಕ್ಟೋಬರ್ 2024

ಬೀಗರೇ,

ಮಾದರಿಯನ್ನು ಹಟ್ಟಿಗೆ ಒಯ್ದು ನಮ್ಮ ಕುರಿಗಳ ಪಕ್ಕ ಹಿಡಿದು ನೋಡಿದೆ. ಮಾಯವ್ವನನ್ನು ಕರೆದು ಇದು ಏನು ಎಂದು ಕೇಳಿದೆ. "ಹೂಕೋಸು" ಎಂದಳು.

ಚಿತ್ರದ ಮಾತು ಹಾಗಿರಲಿ. ಟಗರು ಒಂದೇ ಕುರಿಯ ಜೊತೆ ಸಂಸಾರ ಮಾಡುವ ಪ್ರಾಣಿಯಲ್ಲ. ಇಡೀ ಹಿಂಡಿಗೆ ಒಂದೇ ಟಗರು ಸಾಕು. ಕಾವೇರಿಗೆ ಇದು ಚೆನ್ನಾಗಿ ಗೊತ್ತು, ಹಟ್ಟಿಯಲ್ಲಿ ಆಡಿ ಬೆಳೆದವಳು. "ಉಳಿದ ಕುರಿಗಳು ಯಾರು?" ಎಂದು ಅವಳು ಕೇಳಿದರೆ ಮಂಗಲಾ ಟೀಚರ್ ಎದುರಿನಲ್ಲಿ ನಾನು ಏನು ಹೇಳಲಿ? ನನ್ನ ಮಗನ ಮೇಲೆ ಇಲ್ಲದ್ದು ಬರುತ್ತದೆ.

ನಿಮ್ಮ ಕೈಗೆ ಪಳಗಿದ್ದನ್ನು ಬರೆಯಿರಿ. ಸರಿತಾಳ ಮದುವೆಯಲ್ಲಿ ನೀವು ಮಾಯವ್ವನಿಗೆ ಕೊಟ್ಟ ಸೀರೆಯ ಅಂಚಿನಲ್ಲಿ ಗಿಳಿಗಳಿವೆ. ಅವು ಗಿಳಿಗಳೇ ಎಂದು ಯಾರಾದರೂ ಒಪ್ಪುತ್ತಾರೆ.

ಧರೆಪ್ಪ

*

ಬನಹಟ್ಟಿ
24 ಅಕ್ಟೋಬರ್ 2024

ಬೀಗರೇ,

ಗಿಳಿಗಳನ್ನು ಕಳಿಸುತ್ತಿದ್ದೇನೆ. ಇವು ನನಗೆ ಕೊಟ್ಟ ಕಷ್ಟವನ್ನು ಹೇಳಬೇಕು.

ಅಂಚಿನ ಗಿಳಿಗಳು ಯಾವಾಗಲೂ ಜೋಡಿ, ಕೊಕ್ಕಿಗೆ ಕೊಕ್ಕು ಎದುರಾಗಿ. ಗ್ರಾಫಿನ ಮೇಲೆ ನಾವು ಒಂದನ್ನು ಮಾತ್ರ ಬರೆಯುತ್ತಿದ್ದೆವು. ಇನ್ನೊಂದನ್ನು ಮಗ್ಗವೇ ತಿರುವಿ ನೇಯುತ್ತಿತ್ತು. ಅಂದರೆ ಬೀಗರೇ, ಇಷ್ಟು ವರ್ಷ ಕೆಲಸ ಮಾಡಿ ನಾನು ಬರೆದದ್ದು ಎಡಗಡೆಯ ಗಿಳಿಯೊಂದನ್ನೇ. ಬಲಗಡೆಯದು ತಾನಾಗಿ ಬಂದುಬಿಡುತ್ತದೆ ಎಂದು ನಂಬಿದ್ದೆ. ಈಗ ಒಂದನ್ನು ಬೇವಿನ ಮರದಲ್ಲಿ, ಒಂದನ್ನು ಹುಣಸೆ ಮರದಲ್ಲಿ, ಬೇರೆ ಬೇರೆ ಕಡೆ ಮುಖ ಮಾಡಿ ಕೂರಿಸಬೇಕಾಗಿ ಬಂತು. ಕೈ ಮತ್ತೆ ಮತ್ತೆ ಅವನ್ನು ಎದುರುಬದುರು ತಂದು ಕೂರಿಸುತ್ತಿತ್ತು. ಎಷ್ಟೋ ಹಾಳೆ ಹಾಳಾದವು.

ನನ್ನ ಹೆಂಡತಿ ಮರೆವ್ವ ಬಂದು ನೋಡಿ, "ಅವು ತಾವ ತಾವ ಛಲೋ ಕುಂತಾವ, ಎದಕ್ಕ ಹಿಡದ ಹಿಡದ ಕೂಡಸಾಕತ್ತೀರಿ?" ಎಂದಳು. ಅವಳು ಗಿಳಿಗಳ ಬಗ್ಗೆಯೇ ಹೇಳಿದಳು ಎಂದುಕೊಂಡಿದ್ದೇನೆ.

ಮಾತು ನೀವು ತುಂಬಿಸಿ. ನಡುವಿನ ಪುಟಕ್ಕೆ ಚಿತ್ರ ಹಾಕಿಲ್ಲ, ಬರಹಕ್ಕಷ್ಟೇ ಜಾಗ ಬಿಟ್ಟಿದ್ದೇನೆ. ಅಲ್ಲಿ ಆ ಮಾತು ಬರಬೇಕು ಎಂದು ಟೀಚರ್ ಹೇಳಿದ್ದಾರೆ. ಯಾವ ಮಾತು ಎಂದು ನಿಮಗೆ ಗೊತ್ತು.

ಗಿರಮಲ್ಲಪ್ಪ

*

ಸಾವಳಗಿ
4 ನವೆಂಬರ್ 2024

ಬೀಗರೇ,

ಅಮ್ಮ ಗಿಳಿ ಬಹಳ ಚೆನ್ನಾಗಿದೆ. ಹುಣಸೆ ಮರದಲ್ಲಿ ಕುಳಿತ ಕೋಳಿ ಯಾರು? ನನ್ನ ಮಗನಾದರೆ ಇನ್ನೊಮ್ಮೆ ಬರೆಯಿರಿ. ಕನಿಷ್ಠ ಬಾಲವನ್ನಾದರೂ ಉದ್ದ ಮಾಡಿ.

ಉಳಿದ ಪುಟಗಳಿಗೆಲ್ಲ ಮಾತು ತುಂಬಿಸಿದೆ. ಗಿಳಿಮರಿ ಹಟ ಮಾಡಿದ್ದರಿಂದ ಏನೂ ಆಗಿಲ್ಲ ಎಂದು ಮೊದಲ ಪುಟದಲ್ಲೇ ಹಾಕಿದ್ದೇನೆ, ಬಸ್ಸಿನ ಬೋರ್ಡು ಮುಂದೆಯೇ ಇರಬೇಕು. ಆದರೆ ನಡುವಿನ ಪುಟ ಖಾಲಿ ಉಳಿಯಿತು. ಪೆನ್ನು ಹಿಡಿದರೆ "ಸದ್ಯಕ್ಕೆ" ಎಂಬ ಶಬ್ದ ತಾನಾಗಿ ಬರುತ್ತಿತ್ತು. "ಸದ್ಯಕ್ಕೆ ಬೇರೆ ಮರದಲ್ಲಿ ಇರುತ್ತಾರೆ." "ಸದ್ಯಕ್ಕೆ" ಎಂದರೆ ಮತ್ತೆ ಮಳೆಯೇ.

ಕಡೆಗೆ ಯೋಚಿಸಿದೆ: ಇದನ್ನು ನಾನು ಸಿದ್ದಾರ್ಥನನ್ನು ಒಂದು ಸಲವೂ ನೇರವಾಗಿ ಕೇಳಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ. ನಿನ್ನೆ ಅವನು ಬಂದಿದ್ದಾಗ ಹಟ್ಟಿಯಲ್ಲಿ ಮೇವು ಹಾಕುತ್ತ ಕೇಳಿದೆ. "ಲೇ ಸಿದ್ದಾ, ಮತ್ತ ಕೂಡ್ತೀರೇನೋ?"

ಅವನು ಕೈಯಲ್ಲಿದ್ದ ಮೇವನ್ನು ಪೂರ್ತಿ ಹಾಕಿ ಮುಗಿಸಿದ. "ಇಲ್ಲಪ್ಪಾ" ಎಂದ. ಕೈ ಕೊಡವಿಕೊಂಡು, "ಆಕಿ ಕೆಟ್ಟಾಕಿ ಅಲ್ಲ. ನಾನೂ ಅಲ್ಲ" ಎಂದ. ಅಷ್ಟೇ.

ನೀವು ಸರಿತಾಳನ್ನು ಕೇಳಿದ್ದೀರಾ?

ಪುಟವನ್ನು ಬರೆದಿದ್ದೇನೆ. ಎರಡೂ ಪ್ರತಿ ಇದರೊಂದಿಗಿವೆ. ಟೀಚರ್ ಹೇಳಿದಂತೆ 16ನೇ ತಾರೀಖು ಶನಿವಾರ ಶಾಲೆಗೆ ಬರುತ್ತೇನೆ.

ಧರೆಪ್ಪ

*

ಬನಹಟ್ಟಿ
14 ನವೆಂಬರ್ 2024

ಬೀಗರೇ,

ಎರಡೂ ಪ್ರತಿಯಲ್ಲಿ ಬಾಲ ಉದ್ದ ಮಾಡಿದ್ದೇನೆ, ನಿಮ್ಮದು ಇದರೊಂದಿಗಿದೆ. ಸರಿತಾಳನ್ನು ಕೇಳಿದೆ. ನಿಮಗೆ ಬಂದ ಉತ್ತರವೇ ಬಂತು.

ಶನಿವಾರ ಮಾತ್ರ ನನ್ನಿಂದ ಆಗುವುದಿಲ್ಲ. ಮಂಡಿ ಹಿಡಿದುಕೊಂಡಿದೆ. ನೀವೊಬ್ಬರೇ ಓದಿಬಿಡಿ.

ಗಿರಮಲ್ಲಪ್ಪ

*

ಸಾವಳಗಿ
17 ನವೆಂಬರ್ 2024

ಮಂಡಿನೋವಿನ ಬೀಗರಿಗೆ,

ನಿಮ್ಮ ಮನೆಯ ಮಾಳಿಗೆಯಿಂದ ಕೂಗಿದರೆ ಶಾಲೆಗೆ ಕೇಳಿಸುತ್ತದೆ. ನಾನು ಸಾವಳಗಿಯಿಂದ ಎರಡು ಬಸ್ಸು ಬದಲಾಯಿಸಿ ಬಂದೆ. ಜಮಖಂಡಿಯಲ್ಲಿ ಸಿಕ್ಕ ಮುತ್ತಣ್ಣ, "ಗುರುಗಳ, ಪರೀಕ್ಷಾಕ್ಕ ಹೊಂಟಂಗ ಕಾಣ್ತೀರಿ" ಎಂದ. ಹೌದು ಎಂದೆ.

ಒಂದನೇ ತರಗತಿಯ ಬೆಂಚು ನನ್ನ ಮೊಣಕಾಲಿನಷ್ಟೂ ಎತ್ತರವಿಲ್ಲ. ಕೂತೆ. ಕಾವೇರಿ ಎದುರಿಗೆ, ಮಂಗಲಾ ಟೀಚರ್ ಕಿಟಕಿಯ ಬಳಿ. ಸರಿತಾ ಹೊರಗೆ ನಿಂತಿದ್ದಳು. ಪುಸ್ತಕ ತೆಗೆದಾಗ ಕಾವೇರಿ, "ಇದರಾಗ ಮಳಿ ಐತೇನ?" ಎಂದು ಮೊದಲೇ ಕೇಳಿದಳು. ನಾನು ಹೇಳಿದೆ: "ಇಲ್ಲ ಯವ್ವಾ. ಕರಡಿ ಪುಸ್ತಕದಾಗೂ ಇರಲಿಲ್ಲ. ಅದನ್ನ ನಾನ ಹಾಕಿದ್ದು."

"ಬನಹಟ್ಟಿ ಅಜ್ಜನ ಗಾಳಿ?"

"ಅವರ ಗಾಳಿ ಅವರನ್ನ ಕೇಳು."

ನಡುವಿನ ಪುಟ ಬಂತು. ನಾನು ಬರೆದದ್ದು ನಿಮಗೆ ಗೊತ್ತು: "ಅಪ್ಪ ಗಿಳಿ, ಅಮ್ಮ ಗಿಳಿ ಇನ್ನು ಒಂದೇ ಮರದಲ್ಲಿ ಇರುವುದಿಲ್ಲ. ಮಳೆ ಬಂದರೂ ಇರುವುದಿಲ್ಲ. ಗಾಳಿ ಬಿಟ್ಟರೂ ಇರುವುದಿಲ್ಲ." ಬಸ್ಸಿನ ಹಿಂದಿನ ಬಾಗಿಲಿನಿಂದ ಮುಂದಿನ ಸೀಟಿಗೆ ಕೇಳುವಂತೆ ಕೂಗಿದ ನನ್ನ ಗಂಟಲಿನಿಂದ ಆ ಮೂರು ಸಾಲು ಎದುರಿಗಿದ್ದ ಮಗುವಿಗೂ ಕೇಳಲಿಲ್ಲ. "ಜೋರಾಗಿ ಓದ ಅಜ್ಜಾ" ಎಂದಳು. ಮತ್ತೊಮ್ಮೆ ಓದಿದೆ.

ಗಿಳಿಯ ಬಾಲ ಸವರುತ್ತ ಕುಳಿತಳು. ಆಮೇಲೆ ಕೇಳಿದ್ದು ಮರದ ಬಗ್ಗೆ ಅಲ್ಲ. "ನಾ ಟಿ.ವಿ. ಕೆಡಿಸಿದ್ದಕ್ಕ ಸಾವಳಗಿ ಬಂದ್ ಆತಲ್ಲಾ?" ಎಂದಳು.

ಬೀಗರೇ, ಇಷ್ಟು ದಿನ ಮಗು ಅದನ್ನು ತನ್ನ ತಪ್ಪು ಎಂದುಕೊಂಡು ಕುಳಿತಿತ್ತು.

"ಅಲ್ಲ ಮಗಳ. ನಾವಿಬ್ಬರೂ ಅಜ್ಜಾರು ಸುಳ್ಳ ಹೇಳಿದ್ದಕ್ಕ ಬಂದ್ ಆತು" ಎಂದೆ.

ಅವಳು ತಲೆ ಎತ್ತಿದಳು. "ಹಂಗಾರ ನೀವೂ ಬೈಸ್ಕೊಂಡ್ರೇನು?"

"ಬೈಸ್ಕೊಂಡ್ವಿ."

"ಯಾರ ಕಡೆ?"

"ನಿನ್ನ ಮಮ್ಮಿ ಕಡೆ, ಟೀಚರ್ ಕಡೆ, ಇಬ್ಬರೂ ಆಯಿಗೋಳ ಕಡೆ."

ಅವಳಿಗೆ ಬಹಳ ಸಮಾಧಾನವಾದಂತೆ ಕಂಡಿತು. ಆದರೆ ಪುಸ್ತಕವನ್ನು ಪೂರ್ತಿ ನಂಬಿಲ್ಲ. ಏಳುವಾಗ, "ಬನಹಟ್ಟಿ ಅಜ್ಜ ಓದಿದಾಗ ಬ್ಯಾರೆ ಬರತೈತೇನೋ, ನೋಡ್ತೇನಿ" ಎಂದಳು. ಸರಿತಾ ಶನಿವಾರದ ಬಗ್ಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಎಲ್ಲ ನಿಮ್ಮ ಕೈಯಲ್ಲಿದೆ. ಓದುವಾಗ ಒಂದೇ ಒಂದು ಹನಿ ಬಿದ್ದರೆ ನಾನೇ ಬಂದು ನಿಮ್ಮ ಮಂಡಿ ನೋಡಿಕೊಳ್ಳುತ್ತೇನೆ.

ಧರೆಪ್ಪ

*

ಬನಹಟ್ಟಿ
20 ನವೆಂಬರ್ 2024

ಬೀಗರೇ,

ಪತ್ರಿಕೆಯವರು ಮಾಡುವಂತೆ ಮುಖ್ಯ ಸುದ್ದಿಯನ್ನು ಮೊದಲು ಹೇಳುತ್ತೇನೆ. ಈ ಶನಿವಾರ ಕಾವೇರಿ ಸಾವಳಗಿಗೆ ಬರುತ್ತಾಳೆ. ಸರಿತಾ ಸಿದ್ದಾರ್ಥನಿಗೆ ತಿಳಿಸಿದ್ದಾಳೆ. ಮಾದಲಿ ಮಾಡಿಸಿ. ಇನ್ನು ವಿವರ.

ಭಾನುವಾರ ಬೆಳಿಗ್ಗೆ ಕಾವೇರಿ ನಮ್ಮ ಪ್ರತಿ ತಂದು ನನ್ನ ಮುಂದೆ ಇಟ್ಟಳು. ಕನ್ನಡಕ ಸಿಗುತ್ತಿಲ್ಲ ಎಂದೆ. ಮರೆವ್ವ ಒಳಗಿನಿಂದಲೇ, "ಮೂಗಿನ ಮ್ಯಾಲೆ ಐತ್ರಿ, ಓದ್ರಿ" ಎಂದಳು. ಓದಿದೆ. ನಡುವಿನ ಪುಟದಲ್ಲಿ ಕಾವೇರಿ ತನ್ನ ಬೆರಳನ್ನು ಅಕ್ಷರಗಳ ಕೆಳಗೆ ಇಟ್ಟುಕೊಂಡಿದ್ದಳು. "ಮಳೆ" ಎಂಬುದನ್ನು ಅವಳು ಈಗ ಓದಬಲ್ಲಳು, ನನಗೆ ಗೊತ್ತಿರಲಿಲ್ಲ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಗಾಳಿ ನನ್ನದು ಎಂದು ಒಪ್ಪಿಕೊಂಡೆ. ಕೈ ಮುಗಿದ ಕರಡಿಯೂ ನನ್ನದೇ ಎಂದೆ.

"ಮಳಿ ಬಂದ್ರೂ ಕೂಡೂದಿಲ್ಲ?" ಎಂದಳು.

"ಕೂಡೂದಿಲ್ಲ."

"ಸಾವಳಗಿ ಪುಸ್ತಕದಾಗೂ ಇದ ಐತಿ?"

"ಇದ ಐತಿ. ಅಕ್ಷರ ಸೈತ ನಿಮ್ಮ ಸಾವಳಗಿ ಅಜ್ಜನವು."

"ಚಿತ್ರ ನಿಂದು?"

"ನಂದು."

ಆಗ ಅತ್ತಳು, ಬೀಗರೇ. ಸರಿತಾ ಎತ್ತಿಕೊಂಡಳು, ಸಮಾಧಾನ ಮಾಡಲಿಲ್ಲ, ಅಳಲು ಬಿಟ್ಟಳು. ನಾನು ಗ್ರಾಫ್ ಹಾಳೆಗಳನ್ನು ಜೋಡಿಸುವವನಂತೆ ಆಚೆ ತಿರುಗಿ ಕುಳಿತೆ. ಮರೆವ್ವ ಚಹಾ ತಂದಿಟ್ಟಳು.

ಅಳು ನಿಂತ ಮೇಲೆ ಕಾವೇರಿ ತಾಯಿಯ ಹೆಗಲ ಮೇಲಿಂದಲೇ ನನ್ನನ್ನು ನೋಡಿದಳು. ಆಮೇಲೆ ಸರಿತಾಳ ಕಿವಿಯಲ್ಲಿ, ನನಗೂ ಕೇಳುವಷ್ಟು ಜೋರಾಗಿ ಹೇಳಿದಳು:

"ಮಮ್ಮಿ, ಈ ಇಬ್ಬರೂ ಅಜ್ಜಾರು ಯಾವಾಗ್ಲೂ ಜಗಳಾನ ಆಡ್ತಾರ. ಇಬ್ಬರೂ ಕೂಡಿ ಒಂದ ಮಾತ ಹೇಳಾಕತ್ತಾರ ಅಂದ್ರ, ಅದು ಖರೆನ ಇರಬೇಕು."

ನಿಮ್ಮ ಬೀಗ,
ಗಿರಮಲ್ಲಪ್ಪ